ಲೇಖಕಿಯ ಮನೆಯ ಕುಂಕುಮ

ಮದುವೆಯಾದ ವರ್ಷವೇ ವಾರಿಜಾಳ ಗಂಡ ಟೈಫಾಯಿಡ್ ಜ್ವರದಲ್ಲಿ ಹೋಗಿಬಿಟ್ಟ. ಬಸವನಗುಡಿಯ ಅಣ್ಣನ ಮನೆಯಲ್ಲಿ ಊಟಕ್ಕೇನೂ ಕೊರತೆ ಇರಲಿಲ್ಲ. ಆದರೆ ಉಸಿರಾಡಲು ಅಂತ ಅವಳಿಗಿದ್ದದ್ದು ಕನಕಲಕ್ಷಮ್ಮನವರ ಕಾದಂಬರಿಗಳು ಮಾತ್ರ. ಅವುಗಳಲ್ಲಿ ಗಂಡ ಸತ್ತ ಹುಡುಗಿಯರು ಮೂಲೆ ಸೇರುತ್ತಿರಲಿಲ್ಲ. ಓದುತ್ತಿದ್ದರು, ಕೆಲಸಕ್ಕೆ ಹೋಗುತ್ತಿದ್ದರು, ಕೊನೆಯ ಅಧ್ಯಾಯದಲ್ಲಿ ಹಣೆಗೆ ಕುಂಕುಮವಿಟ್ಟುಕೊಂಡು ಇನ್ನೊಂದು ಹೊಸಿಲು ದಾಟುತ್ತಿದ್ದರು. ಅವನ್ನು ಓದಿ ಓದಿಯೇ ವಾರಿಜಾ ಟೈಪಿಂಗ್ ಕಲಿತು ಆಫೀಸು ಸೇರಿದಳು. ಇನ್ನು ಉಳಿದದ್ದು ಆ ಕೊನೆಯ ಅಧ್ಯಾಯ.

ಅದೂ ಬಂತು. ಆಫೀಸಿನ ಸೇತುರಾಮ ಮದುವೆಯ ಮಾತೆತ್ತಿದ. "ನಮ್ಮಮ್ಮ ಕನಕಲಕ್ಷಮ್ಮನವರ ಒಂದು ಪುಸ್ತಕಾನೂ ಬಿಟ್ಟಿಲ್ಲ ರೀ. ಅವರೇನೂ ಅಡ್ಡ ಬರಲ್ಲ" ಅಂದ. ಒಳ್ಳೆಯ ಹುಡುಗ, ಪಾಪ. ಲೇಖಕಿಯ ಬಾಯಿಂದಲೇ ಒಂದು ಮಾತು ಕೇಳಿಕೊಂಡು ಬಂದು ಉತ್ತರ ಕೊಡುತ್ತೇನೆ ಎಂದಳು ವಾರಿಜಾ.

ಭಾನುವಾರ ಮಧ್ಯಾಹ್ನ ಗೆಳತಿ ಪಂಕಜಾಳನ್ನು ಜೊತೆಗೆ ಕರೆದುಕೊಂಡು ಜಯನಗರಕ್ಕೆ ಹೋದಳು. ಆಗಿನ್ನೂ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ದೊಡ್ಡ ಲೇಖಕಿ ಎಂದರೆ ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತಿರುತ್ತಾರೆ ಅಂದುಕೊಂಡಿದ್ದರೆ, ಆಕೆ ಸೆರಗು ಸಿಕ್ಕಿಸಿಕೊಂಡು ಚಕ್ಕುಲಿ ಕರಿಯುತ್ತಿದ್ದರು! "ಒಳಗೇ ಬನ್ನಿ, ಎಣ್ಣೆ ಕಾದಿದೆ" ಎಂದು ಅಡಿಗೆಮನೆಯಲ್ಲೇ ಮಣೆ ಹಾಕಿ ಕೂರಿಸಿದರು.

ಬೋಳು ಹಣೆ ಕಂಡಾಗಲೇ ಅವರಿಗೆ ಅರ್ಧ ಗೊತ್ತಾಗಿತ್ತು. ಉಳಿದರ್ಧವನ್ನು ವಾರಿಜಾ ಅಳುತ್ತ ಹೇಳಿದಳು. ಕನಕಲಕ್ಷಮ್ಮ ಒಲೆ ಆರಿಸಿ, ತಮ್ಮ ಸೆರಗಿನಿಂದಲೇ ಅವಳ ಕಣ್ಣು ಒರೆಸಿದರು.

"ಒಪ್ಕೊ ಮಗು. ಯಾರಿಗೂ ಹೆದರಬೇಡ. ಜನ ನಾಲ್ಕು ದಿನ ಆಡ್ಕೋತಾರೆ, ಆಮೇಲೆ ಅವರ ಬಾಯೇ ನೋಯುತ್ತೆ."

ಈ ಮಾತಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ವಾರಿಜಾಳಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಎಷ್ಟೋ ವರ್ಷದ ಮೇಲೆ ಅವಳು ಎರಡನೇ ಸಲ ಕೇಳಿ ಚಕ್ಕುಲಿ ಹಾಕಿಸಿಕೊಂಡು ತಿಂದಳು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಹೊರಟು ನಿಂತರು. "ಇರಿ, ಹಾಗೇ ಹೋಗಬಾರದು" ಎಂದು ಕನಕಲಕ್ಷಮ್ಮ ದೇವರ ಮನೆಯಿಂದ ತಟ್ಟೆ ತಂದರು. ಪಂಕಜಾಳ ಮುಂದೆ ಹಿಡಿದರು. ಅವಳು ಅರಿಶಿನ ಕುಂಕುಮ ಇಟ್ಟುಕೊಂಡಳು. ಹೂವು, ಎಲೆ, ಅಡಿಕೆ, ಬಾಳೆಹಣ್ಣು ತೆಗೆದುಕೊಂಡಳು. ತನ್ನ ಸರದಿ ಬಂತೆಂದು ವಾರಿಜಾ ಬಲಗೈ ಎತ್ತಿದಳು.

ತಟ್ಟೆ ಅವಳ ಕಡೆಗೆ ತಿರುಗಲೇ ಇಲ್ಲ. ಕನಕಲಕ್ಷಮ್ಮ ಅದನ್ನು ಕಿಟಕಿಯ ಗೂಡಿನಲ್ಲಿಟ್ಟು, ಒಂದು ಬಾಳೆಹಣ್ಣು ಮಾತ್ರ ತೆಗೆದು ಅವಳ ಕೈಯಲ್ಲಿಟ್ಟರು. "ಆಗಾಗ ಬರ್ತಾ ಇರಮ್ಮ" ಅಂದರು ನಗುತ್ತಲೇ.

ಆಮೇಲೆ ಅವರಿಗೇ ಗೊತ್ತಾಯಿತು. ಮುಖ ಕಪ್ಪಿಟ್ಟಿತು. ತಟ್ಟೆಯನ್ನು ಮತ್ತೆ ಎತ್ತಿಕೊಂಡು ಅವಳತ್ತ ಒಂದು ಹೆಜ್ಜೆ ಇಟ್ಟರು. ಅಲ್ಲೇ ನಿಂತರು. ತಟ್ಟೆ ವಾಲಿ ಕುಂಕುಮ ನೆಲಕ್ಕೆ ಚೆಲ್ಲಿತು.

"ಕೈ ಬರ್ತಾ ಇಲ್ಲ ಕಣೇ. ಯಾಕೋ ಕೈಯೇ ಬರ್ತಾ ಇಲ್ಲ" ಎಂದು ಅತ್ತುಬಿಟ್ಟರು.

ಈಗ ಸಮಾಧಾನ ಹೇಳುವ ಕೆಲಸ ವಾರಿಜಾಳ ಪಾಲಿಗೆ ಬಂತು. "ಇರಲಿ ಬಿಡಿ ಅಮ್ಮ. ಕೆಟ್ಟ ಮನಸ್ಸಿಂದ ಮಾಡಿದ್ದಲ್ಲವಲ್ಲ" ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿ ಚಪ್ಪಲಿ ಮೆಟ್ಟಿಕೊಂಡಳು. ದಾರಿಯುದ್ದಕ್ಕೂ ಪಂಕಜಾ ಏನೇನೋ ಮಾತಾಡಿದಳು. ಇವಳ ಕಿವಿಗೆ ಒಂದೂ ಬೀಳಲಿಲ್ಲ.

ಬಸ್ ಸ್ಟಾಪಿನಲ್ಲಿ ಸೇತುರಾಮ ಕಾದಿದ್ದ. "ಏನಂದ್ರು?"

"ಒಪ್ಕೊ ಅಂದ್ರು."

"ಮತ್ತಿನ್ನೇನು! ನಾನು ಹೇಳ್ಲಿಲ್ವಾ? ನಮ್ಮಮ್ಮನೂ ಅವರ ಪುಸ್ತಕ ಎಲ್ಲಾ ಓದಿದಾರೆ, ಹೂಂ ಅಂತಾರೆ."

"ನಿಮ್ಮಮ್ಮ ಓದಿದಾರೆ, ಅಷ್ಟೇ" ಅಂದಳು ವಾರಿಜಾ. "ನಾನು ಬರೆದೋರ ಮನೆಯಿಂದ ಬರ್ತಾ ಇದೀನಿ. ಬೇಡ ಸೇತುರಾಮ್, ಈ ಮಾತು ಇಲ್ಲಿಗೇ ಬಿಟ್ಟುಬಿಡಿ."

ಅವನಿಗೆ ಏನೂ ಅರ್ಥವಾಗಲಿಲ್ಲ. ಬಸ್ಸು ಬಂತು. ಬಾಳೆಹಣ್ಣು ಹಿಡಿದುಕೊಂಡೇ ಅವಳು ಹತ್ತಿದಳು.