ಟರ್ಕಿ ಕೋಳಿಯ ಎರಡನೆಯ ಕಾಲು

ಸತ್ಯವ್ವನಿಗೆ ಆ ಹಕ್ಕಿ ಬೇಕಾಗಿರಲಿಲ್ಲ. ಅವಳು ವರ್ಷಾನುಗಟ್ಟಲೆ ಅಡಿಗೆ ಮಾಡಿದ ರೈಲ್ವೆ ಬಂಗಲೆಯ ಮೇಡಮ್ಮ, ಕ್ರಿಸ್ಮಸ್ ಹತ್ತಿರ ಬಂದಾಗ ಪುಣೆಗೆ ಹೊರಟು ನಿಂತು, ತಾನು ಸಾಕಿದ ಟರ್ಕಿ ಕೋಳಿಯನ್ನು ಕಾಲು ಕಟ್ಟಿ ಜವಾನನ ಹೆಗಲ ಮೇಲೆ ಹೊರಿಸಿ ಕಳಿಸಿಬಿಟ್ಟಳು. ಪುಣ್ಯಾತಗಿತ್ತಿ, ಒಂದು ಸಾದಾ ಕೋಳಿ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ? ಕುರಿಮರಿಯಷ್ಟು ದೊಡ್ಡ ಹಕ್ಕಿ ಬೆಂಗೇರಿಯ ಓಣಿ ತುಂಬ ಬಾಯಿ ಮಾಡುತ್ತ ಬಂತು. ಓಣಿಯೆಲ್ಲ ಹೊರಗೆ ಬಂದು ನೋಡಿತು. ಹವಾಲ್ದಾರ ಹೊಳೆಯಪ್ಪನೂ ನೋಡಿದ.

“ಇಬ್ಬರು ಹೆಣ್ಮಕ್ಕಳಿಗೆ ಇಷ್ಟ ದೊಡ್ಡ ಕೋಳಿ! ಹ್ಯಾಂಗ ತಿಂದ ಮುಗಸ್ತೀರಿ ಸತ್ಯವ್ವಾರ?” ಎಂದ. “ಹಬ್ಬದ ದಿನಾ ಬಂದ ನೋಡ್ತೇನಿ, ಎಷ್ಟ ಉಳದೈತಿ ಅಂತ.”

ನಗುತ್ತಲೇ ಹೇಳಿದ. ಸತ್ಯವ್ವ ಹಕ್ಕಿಯನ್ನು ಒಳಗೆ ಎಳೆದುಕೊಂಡಳು.

ಲೋಕದ ಕಣ್ಣಿಗೆ ಆ ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಸೊಸೆ ತಾರಾಬಾಯಿ. ಮಗ ಯೋಹಾನ ನಲವತ್ತೆರಡರ ಆಗಸ್ಟಿನ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ತಲೆಮರೆಸಿಕೊಂಡವನು. ಪೊಲೀಸರು ಎರಡು ಸಲ ಬಂದು, ಅಟ್ಟ ಹತ್ತಿ ಜಾಲಾಡಿ, ಬರಿಗೈಯಲ್ಲಿ ಹೋಗಿದ್ದರು. ಅವನು ಬಂದದ್ದು ಆಮೇಲೆ. ಮೈತುಂಬ ಜ್ವರ ಹೊತ್ತು ಬಂದು, ಅದೇ ಅಟ್ಟದಲ್ಲಿ ಹತ್ತಿಕಟ್ಟಿಗೆಯ ಹಿಂದೆ ಮಲಗಿದ್ದ. ಮನೆಯಲ್ಲಿ ಮೂರನೆಯ ಬಾಯಿ ಇದೆ ಎಂದು ಹೊಳೆಯಪ್ಪನಿಗೆ ಗೊತ್ತಾದರೆ ಮಗನ ಕೈಗೆ ಬೇಡಿ ಬೀಳುತ್ತಿತ್ತು.

“ಈ ಕೋಳ್ಯಾಗಿಂದ ಒಂದ ಚೂರೂ ಅಟ್ಟಕ್ಕ ಹೋಗಬಾರ್ದು,” ಎಂದಳು ಸೊಸೆಗೆ. “ಅವಂಗ ರೊಟ್ಟಿ, ಬ್ಯಾಳಿ ಸಾಕು.”

“ಹಬ್ಬದ ದಿನಾನೂ ಏನ್ರಿ ಅತ್ತಿ?”

“ಅಂವ ಇದ್ದರ ಹಬ್ಬ. ಎಲುಬು ಸೈತ ಚೆಲ್ಲಬ್ಯಾಡ, ತಿಳೀತಿಲ್ಲೋ? ಹವಾಲ್ದಾರನ ಮುಂದ ಎಲ್ಲಾ ತೋರಸಬೇಕಾಗತೈತಿ.”

ಸೊಸೆಯ ಕೈ ಸಡಿಲ ಎಂಬುದು ಸತ್ಯವ್ವನ ಹಳೆಯ ದೂರು. ತೊಟ್ಟಿನ ಜೊತೆ ಅರ್ಧ ಬದನೆಕಾಯಿಯನ್ನೇ ಎಸೆಯುವವಳು! ಅದಕ್ಕೇ ಬಡಿಸುವ ಸೌಟು ಸತ್ಯವ್ವ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಏನೇ ಬೇಯಲಿ, ಮೊದಲ ಬಟ್ಟಲು ಅಟ್ಟಕ್ಕೆ. ಸೊಸೆಗೆ ಸಿಕ್ಕುತ್ತಿದ್ದುದು ತಳದಲ್ಲಿ ಉಳಿದದ್ದು.

ಹಕ್ಕಿಯನ್ನು ಅವಳೇ ಕೊಯ್ದಳು. ಎದೆಯ ಖಂಡವನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಉಪ್ಪು ಅರಿಷಿಣ ಹಚ್ಚಿ ದಾರಕ್ಕೆ ಪೋಣಿಸಿದಳು. ತೊಡೆಯ ಖಂಡ ಖಾರ ಎಣ್ಣೆಯಲ್ಲಿ ಹುರಿದು ಉಪ್ಪಿನಕಾಯಾಗಿ ಭರಣಿ ಸೇರಿತು. ರೆಕ್ಕೆ, ಕಾಲು ಹಬ್ಬದ ಊಟಕ್ಕೆ. ಉಳಿದ ಎಲುಬೆಲ್ಲ ಸಾರಿನ ಗಡಿಗೆಗೆ. ಅಕ್ಕಪಕ್ಕದ ಲಿಂಗವಂತರ ಮನೆಗಳಿಗೆ ಕರ್ಜಿಕಾಯಿ ಕಳಿಸಬಹುದು, ಖಂಡ ಕಳಿಸುವಂತಿಲ್ಲ. ಒಲೆಯನ್ನು ಸಣ್ಣಗೆ ಉರಿಸಿದಳು. ಹೊಗೆ ಏರಿ ಮಗ ಒಂದು ಸಲ ಕೆಮ್ಮಿದರೂ ಮುಗಿಯಿತು. ಹುರಿದ ವಾಸನೆ ಮಾತ್ರ ಅವಳ ಮಾತು ಕೇಳಲಿಲ್ಲ, ನೆಟ್ಟಗೆ ಅಟ್ಟಕ್ಕೇ ಹೋಯಿತು. ಮೇಲೆ ಮಗ ಮಗ್ಗುಲು ಬದಲಿಸಿದ ಸದ್ದಾಯಿತು. ಅವಳು ಹುರಿದದ್ದರ ಮೇಲೆ ತಟ್ಟೆ ಮುಚ್ಚಿದಳು.

ಹಬ್ಬದ ದಿನ ಚರ್ಚಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೊಳೆಯಪ್ಪ ಹಾಜರಾದ.

“ಬರ್ರಿ ಹವಾಲ್ದಾರ್ರ,” ಎಂದು ಸತ್ಯವ್ವ ತಾನೇ ಅಡಿಗೆಮನೆಗೆ ಕರೆದೊಯ್ದಳು. ದಾರ ತೋರಿಸಿದಳು, ಭರಣಿಯ ಬಾಯಿ ಬಿಚ್ಚಿದಳು, ಹುರಿದದ್ದರ ಮೇಲಿನ ತಟ್ಟೆ ತೆಗೆದಳು. ಎರಡು ರೆಕ್ಕೆ. ಒಂದು ಕಾಲು.

“ಇನ್ನೊಂದ ಕಾಲ ಎಲ್ಲೈತಿ?”

ಸತ್ಯವ್ವನಿಗೂ ಅದು ಆಗಲೇ ಗೊತ್ತಾದದ್ದು. ಸೊಸೆಯ ಕಡೆ ನೋಡಿದಳು. ತಾರಾಬಾಯಿಯ ಮುಖ ಬಿಳಿಚಿಕೊಂಡಿತ್ತು.

“ನಾ ತಿಂದೇನ್ರಿ. ಮುಂಜಾನಿ, ತಡಕೊಳ್ಳಾಕ ಆಗಲಿಲ್ಲ.”

ಹೊಳೆಯಪ್ಪ ಸೌಟು ತೆಗೆದುಕೊಂಡು ಸಾರಿನ ಗಡಿಗೆಯನ್ನು ತಳದಿಂದ ಕಲಕಿದ. ಕಾಲಿನ ಎಲುಬು ಮೇಲೆ ಬಂತು. ಎರಡೂ ತುದಿ ಕಡಿದು, ಒಳಗಿನದನ್ನೆಲ್ಲ ಹೀರಿ ಬರಿದು ಮಾಡಿದ ಎಲುಬು. ಯೋಹಾನ ತಿನ್ನುತ್ತಿದ್ದುದೇ ಹಾಗೆ, ಅವನಪ್ಪನೂ ಹಾಗೇ. ಎಲುಬು ಚೆಲ್ಲಬೇಡ ಎಂದದ್ದಕ್ಕೆ ಈ ಹುಚ್ಚಿ ಅದನ್ನು ಗಡಿಗೆಗೆ ಹಾಕಿದ್ದಳು. ಜನ್ಮದಲ್ಲಿ ಒಂದೇ ಒಂದು ಸಲ ಅತ್ತೆಯ ಮಾತು ಕೇಳಿದ್ದಳು, ಅದೇ ಉರುಲಾಯಿತು.

“ನಾನು ಕುರಿ ಕಾಯೋ ಮನಿತನದಾಂವ,” ಎಂದ ಹೊಳೆಯಪ್ಪ, ಎಲುಬು ತಿರುಗಿಸುತ್ತ. “ಇದು ಗಂಡಸಿನ ದವಡಿ ಕೆಲಸ. ಸತ್ಯವ್ವಾರ, ನಿಮ್ಮ ಬಾಯಾಗಂತೂ ಹಲ್ಲಽ ಇಲ್ಲ.”

“ನಾನಽ ಕಡದೇನ್ರಿ,” ಎಂದಳು ತಾರಾಬಾಯಿ.

ಹೊಳೆಯಪ್ಪ ಮಣೆ ಎಳೆದುಕೊಂಡು ಕುಳಿತ. “ಹಂಗಾರ ಈ ಕಾಲೂ ತಿನ್ರಿ ತಾರಾಬಾಯಾರ. ನಾ ನೋಡ್ತೇನಿ.”

ತಾರಾಬಾಯಿ ಕಾಲು ಎತ್ತಿಕೊಂಡಳು. ಖಂಡ ತಿಂದಳು, ಅವಸರ ಮಾಡಲಿಲ್ಲ. ಎಲುಬನ್ನು ದವಡೆಗೆ ಕೊಟ್ಟು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಕುತ್ತಿಗೆಯ ನರ ಉಬ್ಬಿದವು. ಸತ್ಯವ್ವ ದೇವರೇ ದೇವರೇ ಎನ್ನುತ್ತಿದ್ದಳು, ಬಾಯಿ ಮಾತ್ರ ಅಲುಗಿಸಲಿಲ್ಲ. ಕಟ್ ಎಂದಿತು. ಮುರಿದದ್ದು ಎಲುಬೋ ಇನ್ನೇನೋ ಅವಳಿಗೆ ತಿಳಿಯಲಿಲ್ಲ. ಸೊಸೆಯ ಕಣ್ಣಲ್ಲಿ ನೀರು ತುಂಬಿತು. ಆದರೂ ಎಲುಬನ್ನು ತಿರುಗಿಸಿ, ಬಾಯಿಯ ಇನ್ನೊಂದು ಮಗ್ಗುಲಿಗೆ ಕೊಟ್ಟು, ಆ ತುದಿಯನ್ನೂ ಕಡಿದಳು. ಹೀರಿದಳು, ನುಂಗಿದಳು, ಎಲುಬನ್ನು ಸೆರಗಿನಿಂದ ಒರೆಸಿ ಹವಾಲ್ದಾರನ ಮುಂದೆ ಇಟ್ಟಳು.

ಹೊಳೆಯಪ್ಪ ಎರಡೂ ಎಲುಬು ಜೋಡಿಸಿ ನೋಡಿದ. ಬಹಳ ಹೊತ್ತು ನೋಡಿದ.

“ಹೌದ ಬಿಡ್ರಿ,” ಎಂದು ಎದ್ದ. “ಗಟ್ಟಿ ಹೆಣ್ಮಗಳು.”

ತಾರಾಬಾಯಿ ತುಟಿ ಬಿಚ್ಚದೆ ನಕ್ಕಳು.

ಅವನ ಬೂಟಿನ ಸದ್ದು ಓಣಿಯ ತುದಿ ಮುಟ್ಟುವವರೆಗೆ ಇಬ್ಬರೂ ನಿಂತಲ್ಲೇ ನಿಂತಿದ್ದರು. ಸತ್ಯವ್ವ ಹೋಗಿ ಬಾಗಿಲಿಗೆ ಅಗಳಿ ಹಾಕಿ ಬಂದಳು. ಆಗ ತಾರಾಬಾಯಿ ಅಂಗೈಗೆ ಉಗುಳಿದಳು. ರಕ್ತ, ಅದರಲ್ಲಿ ಅರ್ಧ ದವಡೆಹಲ್ಲು.

“ಜ್ವರದಾಗ ಅವರು ಖಂಡಾ ಬೇಕು ಅಂದ್ರು ಅತ್ತಿ,” ಎಂದಳು, ತಪ್ಪು ಮಾಡಿದವಳಂತೆ. “ನನಗ ಇಲ್ಲ ಅನ್ನಾಕ ಆಗಲಿಲ್ಲ.”

ಸತ್ಯವ್ವ ಸೌಟು ಕೈಗೆ ತೆಗೆದುಕೊಂಡಳು. ಸಾರಿನ ಗಡಿಗೆಯಿಂದ ಒಂದು ಬಟ್ಟಲು ತಿಳಿ ಬಗ್ಗಿಸಿ ಊದಿ ಊದಿ ಆರಿಸಿದಳು. ಅಷ್ಟರಲ್ಲಿ ಅಟ್ಟದ ಹತ್ತಿಕಟ್ಟಿಗೆ ಸರಿದು, ದಿನದಂತೆ ಒಂದು ಬಡಕಲು ಕೈ ಬಟ್ಟಲಿಗಾಗಿ ಕೆಳಗೆ ಇಳಿಯಿತು.

“ತಡಿಯೋ,” ಎಂದಳು ಸತ್ಯವ್ವ ಮೇಲೆ ನೋಡದೆ. “ಇವತ್ತ ಮೊದಲ ಈಕಿಗಿ.”

ಬಟ್ಟಲನ್ನು ಸೊಸೆಯ ಬಾಯಿಗೆ ಹಿಡಿದಳು.