ಏಳನೇ ತುಂಡು

"ಕಣ್ಣು ಕಿತ್ತು ಜೇಬಲ್ಲಿ ಇಟ್ಕೊಂಡಿದ್ದೀಯೇನೋ ಬೋಳಿಮಗನೆ? ಆ ಗಿಡ ಯಾಕೆ ಬಿಟ್ಟೆ?"

ಎಣ್ಣೆತಾಳೆಯ ಬುಡದಲ್ಲಿ ಗೇಣುದ್ದ ಚಿಗುರಿದ್ದ ಬೆಂಡುಮರದ ಸಸಿಯನ್ನು ಮೇಸ್ತ್ರಿ ಬೂಟಿನಿಂದ ತೋರಿಸುತ್ತಿದ್ದ. ಬೆನ್ನಿಗೆ ಕಳೆನಾಶಕದ ಡಬ್ಬಿ ಕಟ್ಟಿಕೊಂಡಿದ್ದ, ಎಲ್ಲರೂ ಸರಪಳಿ ಎಂದು ಕರೆಯುವ ಆಳು ತಲೆ ತಗ್ಗಿಸಿ ನಿಂತ. ಅವನಿಗೆ ಅರವತ್ತು ದಾಟಿತ್ತು, ಮೇಸ್ತ್ರಿಗೆ ಅವನ ಮಗನ ವಯಸ್ಸು.

"ಕಾಣ್ಲಿಲ್ಲ ಸಾಮಿ."

"ಕಾಣ್ಲಿಲ್ವಂತೆ! ನಿಮ್ಮಪ್ಪನ ಗೋರಿ ಮೇಲೆ ಹುಟ್ಟಿದೆ ಅಂತ ಕೈಮುಗೀತಾ ನಿಂತಿದ್ಯಾ? ಹೊಡಿ."

ಸರಪಳಿ ಕಳೆನಾಶಕ ಹೊಡೆದ. ಅಪ್ಪನನ್ನು ಹೂಳಿದ್ದು ಅಲ್ಲಿಂದ ಎರಡು ಸಾಲು ಆಚೆಗೆ. ಮೇಸ್ತ್ರಿಯ ಬೈಗುಳ ತಪ್ಪಿದ್ದು ಅಷ್ಟೇ ದೂರ.

"ನಾಳೆ ಡಬ್ಬಿ ಬೇಡ. ನಿಮ್ಮ ಗುಡಿಸಲ ಹಿಂದಿನ ತುಂಡು ಅಳೆಯೋಕೆ ಸಾಹೇಬ್ರು ಬರ್ತಾರೆ. ಗಡಿ ತೋರ್ಸೋಕೆ ನೀನೇ ಬೇಕಂತೆ. ಹಳೇ ಕಾಗದದಲ್ಲೂ ನಿಂದೇ ಹೆಬ್ಬೆಟ್ಟಂತೆ. ದೊಡ್ಡ ಮನುಷ್ಯ ಕಣಯ್ಯ ನೀನು!"

ಸರಪಳಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

ಇಪ್ಪತ್ತೆರಡು ವರ್ಷದ ಹಿಂದೆ ಅಳತೆಯವರು ಬಂದಾಗ ಕಬ್ಬಿಣದ ಸರಪಳಿಯ ಒಂದು ತುದಿ ಹಿಡಿದು ಒಂಬತ್ತು ದಿನ ಓಡಾಡಿದವನು ಅವನೇ. ಅದಕ್ಕೇ ಈ ಹೆಸರು. ಖಾಕಿ ಅಂಗಿ ಕೊಟ್ಟಿದ್ದರು; ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಅವನ ಜನಕ್ಕೆ ಆಗ ಏಳು ತುಂಡು ನೆಲ. ಒಂದರಲ್ಲಿ ಎರಡು ವರ್ಷ ಬೆಳೆದರೆ ಅದು ಹನ್ನೆರಡು ವರ್ಷ ಮಲಗಬೇಕು. ಮೊದಲು ಹುಲ್ಲು ಬರುತ್ತದೆ, ಆಮೇಲೆ ಮುಳ್ಳು, ಆಮೇಲೆ ಬೆಂಡುಮರ. ಆ ಮರವನ್ನು ಅಪ್ಪಿದಾಗ ಬೆರಳಿಗೆ ಬೆರಳು ಮುಟ್ಟದಿದ್ದರೆ ನೆಲದ ನಿದ್ದೆ ಮುಗಿಯಿತೆಂದು ಅರ್ಥ. ಆಗ ಮತ್ತೆ ಬಿತ್ತುತ್ತಿದ್ದರು.

"ಇಲ್ಲಿ ಏನು ಬಿತ್ತಿದ್ದೀರಿ?" ಎಂದು ಸಾಹೇಬ ಕೇಳಿದ್ದ.

"ಏನಿಲ್ಲ ಸಾಮಿ," ಎಂದಿದ್ದ ಸರಪಳಿ. ನಿಜವನ್ನೇ ಹೇಳಿದ್ದ. ಮರ ಅಪ್ಪಿ ತೋರಿಸಿ ನಕ್ಕೂ ಇದ್ದ. ಆರು ತುಂಡಿಗೂ ಅದೇ ಮಾತು. ಸಾಹೇಬ ಆರು ಸಲವೂ ಬಂಜರು ಎಂದು ಬರೆದುಕೊಂಡ, ಇವನು ಕೆಳಗೆ ಹೆಬ್ಬೆಟ್ಟು ಒತ್ತಿದ. ಏನು ಬರೆದಿದ್ದರೆಂದು ಗೊತ್ತಾದದ್ದು ಎಣ್ಣೆತಾಳೆ ಕಂಪನಿಯ ಬುಲ್ಡೋಜರು ಬಂದ ಮೇಲೆ. ಈಗ ಕಣ್ಣು ಹಾಯುವಷ್ಟು ದೂರ ತಾಳೆ, ತಾಳೆ, ತಾಳೆ. ಸೊಂಟಮಟ್ಟ ಹರಿಯುತ್ತಿದ್ದ ಹಳ್ಳದಲ್ಲಿ ಕಳೆನಾಶಕದ ಮುಚ್ಚಳಗಳು ಬಿದ್ದಿವೆ. ಅವನ ಅಕ್ಕ ಎರಡು ಗುಡ್ಡ ದಾಟಿ ನೀರು ತರುತ್ತಾಳೆ. ಕೊಡ ಇಳಿಸುವಾಗ ದಿನಾ ಒಂದೇ ಶಾಪ: "ನಮ್ಮ ನೆಲ ಬಂಜರು ಅಂದೋನ ನಾಲಿಗೆಗೆ ಹುಳ ಬೀಳ!" ಅದನ್ನು ಕೇಳಿಸಿಕೊಂಡು, ಅವಳು ತಂದ ನೀರನ್ನೇ ಅವನು ಕುಡಿಯುತ್ತಾನೆ.

ಉಳಿದದ್ದು ಅವತ್ತು ಬೆಳೆ ನಿಂತಿದ್ದ ಏಳನೇ ತುಂಡೊಂದೇ. ಇಪ್ಪತ್ತೆರಡು ವರ್ಷದಿಂದ ಬಿಡುವಿಲ್ಲದೆ ಬೆಳೆದು ಬೆಳೆದು ಜೋಳದ ತೆನೆ ಹೆಬ್ಬೆರಳಿನಷ್ಟಾಗಿತ್ತು. ಯಾವ ನೆಲ ಯಾವಾಗ ಮಲಗಬೇಕೆಂದು ಹೇಳುವವಳು ಕೇರಿಗೆಲ್ಲ ಹಿರಿಯಳಾದ ಅಕ್ಕ. "ಈ ವರ್ಷ ಅದನ್ನ ಮಲಗಿಸ್ಬೇಕು, ಪಾಪ," ಎಂದು ಅವಳು ಹೇಳಿ ಎಂಟು ದಿನವೂ ಆಗಿರಲಿಲ್ಲ.

ಸಂಜೆ ಅಕ್ಕ ಒಲೆ ಊದುತ್ತಿದ್ದಳು. ಮೇಲೆ ಹೊಗೆಯಲ್ಲಿ ಬೀಜದ ತೆನೆಗಳು ತೂಗುತ್ತಿದ್ದವು.

"ಅಕ್ಕಾ, ನಾಳೆ ಅಳತೆ. ಅಷ್ಟರೊಳಗೆ ಬಿತ್ತಿರ್ಬೇಕು."

"ತಲೆ ಕೆಟ್ಟಿದ್ಯಾ? ಮಳೆಗೆ ಇನ್ನೂ ತಿಂಗಳಿದೆ. ಕಾಳೆಲ್ಲ ಇರುವೆ ಪಾಲು."

"ಬಿತ್ತದೇ ಇದ್ರೆ ಬಂಜರು ಅಂತ ಬರೀತಾರೆ."

"ನಿಂಗ್ಯಾರು ಹೇಳಿದ್ದು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೆರಡು ವರ್ಷ ಅದೇ ಕಾಪಾಡಿತ್ತು. ಇನ್ನು ಸಾಕೆನಿಸಿತು.

"ಅವತ್ತು ಏನಿಲ್ಲ ಅಂದೋನು ನಾನೇ ಅಕ್ಕಾ. ಆರು ತುಂಡಿಗೂ."

ಊದುಗೊಳವೆ ಅಕ್ಕನ ಕೈಯಲ್ಲೇ ನಿಂತಿತು. ಹೊಡೆಯುತ್ತಾಳೆ ಎಂದುಕೊಂಡ, ಹೊಡೆದಿದ್ದರೆ ಹಗುರವಾಗುತ್ತಿತ್ತು.

"ಇಷ್ಟು ವರ್ಷ ನನ್ನ ಬಾಯಿಂದ ನನ್ನ ತಮ್ಮನಿಗೇ ಶಾಪ ಹಾಕಿಸ್ದೆಯಲ್ಲೋ, ಹಾಳಾದೋನೆ," ಎಂದಳು.

ಆಮೇಲೆ ಎದ್ದು ತೆನೆಗಳನ್ನು ಒಂದೊಂದೇ ಇಳಿಸಿದಳು. "ಇರುವೆ ತಿನ್ಲಿ. ಕಂಪನಿ ತಿನ್ನೋದು ಬೇಡ."

ಬೆಳಗಾಗುತ್ತಲೇ ಇಡೀ ಕೇರಿ ಒಣನೆಲಕ್ಕೆ ಗೂಟ ಕುಟ್ಟಿ ಕುಳಿ ತೆಗೆದು ಕಾಳು ಹಾಕುತ್ತಿತ್ತು. ಸರಪಳಿಯೂ ಒಂದು ಗೂಟ ಎತ್ತಿಕೊಂಡ. ಅಕ್ಕ ಕಿತ್ತುಕೊಂಡಳು.

"ನೀನು ಮುಟ್ಬೇಡ. ಗಡಿಯಲ್ಲಿ ನಿಂತ್ಕೋ. ತೋರ್ಸೋದು ತಾನೇ ನಿನ್ನ ಕೆಲ್ಸ?"

ಬಿಸಿಲೇರುವ ಹೊತ್ತಿಗೆ ಸಾಹೇಬ ಬಂದ, ಹಿಂದೆ ಮೇಸ್ತ್ರಿ.

"ನಾಟಕ ಸಾಹೇಬ್ರೆ! ನಿನ್ನೆವರೆಗೂ ಪಾಳು ಬಿದ್ದಿತ್ತು. ಲೋ ಸರಪಳಿ, ಬೊಗಳು, ಏನಿದೆ ಇಲ್ಲಿ?"

ಗೂಟಗಳ ಸದ್ದು ನಿಂತಿತು. ಸರಪಳಿ ಮಂಡಿಯೂರಿ ಒಂದು ಕುಳಿ ಕೆದಕಿ, ಕಾಳನ್ನು ಅಂಗೈಯಲ್ಲಿ ಹಿಡಿದ.

"ಜೋಳ ಇದೆ. ಆರು ಸಲ ಏನಿಲ್ಲ ಅಂದಾಗ ತಕ್ಷಣ ಬರ್ಕೊಂಡ್ರಿ. ಇದೊಂದು ಸಲ ಇದೆ ಅಂತಿದ್ದೀನಿ. ಬರೀರಿ ಸಾಮಿ."

ಮೇಸ್ತ್ರಿ ಅವನ ಕೈಗೆ ಒದ್ದ. ಕಾಳು ಮಣ್ಣಿಗೆ ಬಿತ್ತು. "ನಾಳೆಯಿಂದ ತೋಟದೊಳಗೆ ಕಾಲಿಡು, ಕಾಲು ಮುರೀತೀನಿ ಸೂಳೆಮಗನೆ."

ಸಾಹೇಬ ಯಾರ ಮುಖವನ್ನೂ ನೋಡದೆ ಏನೋ ಗೀಚಿ ಕಾಗದ ಚಾಚಿದ. "ಒತ್ತು."

"ಏನು ಬರೆದಿದೆ?"

"ನೀನು ಹೇಳಿದ್ದೇ. ಒತ್ತಯ್ಯ, ಹೊತ್ತಾಯ್ತು."

ಅಕ್ಕನ ಸೊಸೆ ನಾಲ್ಕಕ್ಷರ ಕಲಿತವಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಬಗ್ಗಿ, ಬೆರಳಿಟ್ಟು ಕೂಡಿಸಿ ಓದಿದಳು. "ಬಂ... ಜ... ರು."

"ಯಾವುದು? ಎಲ್ಲಿದೆ ಅದು?"

ಅವಳು ತೋರಿಸಿದಳು.

ಸರಪಳಿ ಶಾಯಿಯ ಡಬ್ಬಿ ಮುಟ್ಟಲಿಲ್ಲ. ಹೆಬ್ಬೆರಳನ್ನು ಕುಳಿಯ ಮಣ್ಣಿಗೆ ಒತ್ತಿ, ಅವಳು ತೋರಿಸಿದ ಜಾಗದ ಮೇಲಿಟ್ಟು ಉಜ್ಜಿದ. ಸಾಹೇಬ ಕಾಗದ ಎಳೆದ, ಅವನು ಬಿಡಲಿಲ್ಲ. ಮೇಸ್ತ್ರಿಯ ಬೂಟು ಪಕ್ಕೆಗೆ ಬಿದ್ದು ಮಣ್ಣಿಗೆ ಉರುಳಿದ. ಉಜ್ಜಿದ. ಕಾಗದ ಹರಿದು ಹೆಬ್ಬೆರಳು ಆ ಕಡೆ ಬರುವವರೆಗೂ ಉಜ್ಜಿದ.

ಬೆನ್ನ ಹಿಂದೆ ಅಕ್ಕನ ಗೂಟ ಮತ್ತೆ ನೆಲಕ್ಕೆ ಬೀಳತೊಡಗಿತು. ಒಂದು, ಇನ್ನೊಂದು, ಆಮೇಲೆ ಎಲ್ಲರವೂ. ಈ ವರ್ಷ ಮಲಗಬೇಕಾಗಿದ್ದ ನೆಲ ಅದು. ಬಿದ್ದಲ್ಲಿಂದ ತಿರುಗಿ ಅದನ್ನು ನೋಡಲು ಅವನಿಗೆ ಮುಖವಿರಲಿಲ್ಲ.