ಮದುಮಗನ ಹಿಂದಿನ ಲಾರಿ

"ಎಡಕ್ಕೆ, ಇನ್ನೂ ಎಡಕ್ಕೆ, ಬರ್ಲಿ, ಬರ್ಲಿ... ಸಾಕು, ನಿಲ್ಸು" ಎಂದು ಗಿಡ್ಡ ಡ್ರೈವರ್ ಮೇಲಿನ ಮೆಟ್ಟಿಲಿನಿಂದ ಕೈ ಆಡಿಸುತ್ತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ಖಾಲಿ ಶವಪೆಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ಹದಿನಾಲ್ಕು ಚಕ್ರದ ಲಾರಿಯನ್ನು ಬರೀ ಕನ್ನಡಿ ನೋಡಿಕೊಂಡು ಗೋದಾಮಿನ ಬಾಗಿಲಿಗೆ ಹಿಮ್ಮುಖವಾಗಿ ತಂದು ನಿಲ್ಲಿಸುವ ನಾಲ್ವರು ಗಂಡಸರಿಗೆ ಒಂದು ಮರದ ಪೆಟ್ಟಿಗೆಯನ್ನು ತಿರುಗಿಸಲು ಬರುತ್ತಿರಲಿಲ್ಲ. ಅವರ ಬೆನ್ನಿಗೇ, ಮೇಲೆ ಹೋಗಲು ದಾರಿಯಿಲ್ಲದೆ, ಸಾಗಣೆ ಕಂಪನಿಯ ಮ್ಯಾನೇಜರ್ ಫೈಲು ಹಿಡಿದು ನಿಂತಿದ್ದರು. ಸ್ವಲ್ಪ ಬೇಗ ಆಗಲಿ ಎಂದರು.

"ಸ್ವಲ್ಪ ಹಿಂದೆ ಸರೀರಿ ಸಾರ್, ಜಾರಿದ್ರೆ ನಿಮ್ಮ ಮೇಲೇ ಬರೋದು" ಎಂದ ಗಿಡ್ಡ. ಮ್ಯಾನೇಜರ್ ಎರಡು ಮೆಟ್ಟಿಲು ಇಳಿದು ನಿಂತರು. ಅಷ್ಟು ಮಾತ್ರದ ಬುದ್ಧಿ ಅವರಿಗೂ ಇತ್ತು.

ಮೇಲೆ, ಮೂರನೇ ಮಹಡಿಯ ಮನೆಯಲ್ಲಿ, ಸತ್ತವನ ಅಂಗಿಗೆ ಅವನ ಹೆಂಡತಿ ಗುಂಡಿ ಹಾಕುತ್ತಿದ್ದಳು. ಅವನಿಗೆ ಐವತ್ತೆಂಟು. ಲಾರಿ ಹತ್ತಿ ಮೂವತ್ತು ವರ್ಷವಾದರೂ ಎಲ್ಲರ ಬಾಯಲ್ಲೂ ಅವನು ಮದುಮಗ. ಮುಂದಿನ ವಾಹನಕ್ಕೂ ತನಗೂ ನಡುವೆ ಅಷ್ಟು ಜಾಗ ಬಿಟ್ಟು ಬರುತ್ತಿದ್ದನಂತೆ, ಮದುವೆ ದಿಬ್ಬಣದಲ್ಲಿ ನಿಧಾನಕ್ಕೆ ಬರುವ ಹಾಗೆ. ಆ ಜಾಗದಲ್ಲಿ ಕಾರುಗಳು ನುಗ್ಗುತ್ತಿದ್ದವು. ಅವನು ಮತ್ತೆ ಹಿಂದೆ ಸರಿಯುತ್ತಿದ್ದ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು. ಇವನು ಜಪ್ಪಯ್ಯ ಅಂದರೂ ಕೇಳುತ್ತಿರಲಿಲ್ಲ.

ಮೂರು ದಿನದ ಹಿಂದೆ ಹೆದ್ದಾರಿಯಲ್ಲಿ ಮುಂದೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮದುಮಗ ತನ್ನ ಲಾರಿ ನಿಲ್ಲಿಸಿದ. ಹಿಂದಿನ ಲಾರಿ ಬಂದು ಗುದ್ದಿತು. ಆ ಹೊಡೆತ ಮದುಮಗನ ಲಾರಿಯಲ್ಲಿ ಹೇರಿದ್ದ ಕಬ್ಬಿಣದ ತಗಡನ್ನು ಮುಂದಕ್ಕೆ ತಳ್ಳಿ ಅವನ ಕ್ಯಾಬಿನ್ ಒಳಗೇ ತಂದಿತು.

ಹಿಂದಿನ ಲಾರಿ ಓಡಿಸುತ್ತಿದ್ದವನು ಹೆಂಡತಿಯ ಒಡಹುಟ್ಟಿದ ತಮ್ಮ. ಅವನಿಗೆ ಬಲಗೈ ಮುರಿದಿತ್ತು, ಅಷ್ಟೇ. ಈಗ ಅಡುಗೆಮನೆಯ ಸ್ಟೂಲಿನ ಮೇಲೆ ಬ್ಯಾಂಡೇಜಿನ ಕೈ ಹೊತ್ತು ಕುಳಿತಿದ್ದ. ಬೆಳಗಿನಿಂದ ಅವನಿಗೆ ಯಾರೂ ಒಂದು ಲೋಟ ಚಹಾ ಕೊಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ.

*

ಮದುವೆಯಾದ ಹೊಸತರಲ್ಲಿ ಅವನು ಅವಳನ್ನು ಲಾರಿಯಲ್ಲಿ ಕೂರಿಸಿಕೊಂಡು ಹೋಗಿದ್ದ. ಮುಂದಿನ ಲಾರಿ ರಸ್ತೆಬದಿಯ ಒಂದು ಕಂಬ ದಾಟಿದ ಕೂಡಲೇ ಇವನು ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದ. ಕಿವಿಗೊಟ್ಟು ಕೇಳಿದರೆ, "ನನ್ನ ಹೆಂಡ್ತಿ ಊಟಕ್ಕೆ ಕಾಯ್ತಾ ಇರ್ತಾಳೆ, ನನ್ನ ಹೆಂಡ್ತಿ ಊಟಕ್ಕೆ ಕಾಯ್ತಾ ಇರ್ತಾಳೆ." ಎರಡು ಸಲ ಹೇಳಿ ಮುಗಿಸುವ ಮೊದಲೇ ತನ್ನ ಲಾರಿ ಆ ಕಂಬಕ್ಕೆ ಬಂದುಬಿಟ್ಟರೆ ತೀರಾ ಹತ್ತಿರ ಹೋಗಿದ್ದೇನೆ ಎಂದು ಅರ್ಥ. ಆಗ ಕಾಲು ಸಡಿಲಿಸುತ್ತಿದ್ದ. ಮಳೆ ಬಂದರೆ ನಾಲ್ಕು ಸಲ.

"ನಾನು ಇಲ್ಲೇ ಕೂತಿದೀನಲ್ಲ" ಎಂದಿದ್ದಳು ಅವಳು.

"ಇವತ್ತೊಂದಿನ ಸುಳ್ಳು ಹೇಳ್ತಿದೀನಿ. ಅದಕ್ಕೋಸ್ಕರ ಅಳತೆ ಬದಲಾಯಿಸೋಕಾಗಲ್ಲ."

ಅವಳ ತಮ್ಮನಿಗೆ ಸ್ಟಿಯರಿಂಗ್ ಕೊಟ್ಟು ಕಲಿಸಿದವನೂ ಅವನೇ. ತಮ್ಮ "ಅಕ್ಕ ಬೈತಾಳೆ, ಅಕ್ಕ ಬೈತಾಳೆ" ಎಂದು ಎಣಿಸುತ್ತಿದ್ದ. ಇದು ತುಂಬಾ ಗಿಡ್ಡ ಆಯ್ತು, ನಿಮ್ಮಕ್ಕ ಅಷ್ಟು ಬೇಗ ಬೈದು ಮುಗಿಸ್ತಾಳಾ, ಇನ್ನೂ ಎರಡು ಮಾತು ಸೇರಿಸು ಎಂದು ಮದುಮಗ ನಗಾಡಿದ್ದ. ತಾಯಿಯಿಲ್ಲದ ಆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅವನು ಡ್ರೈವರ್ ಆದ ದಿನ ಇಡೀ ಕಟ್ಟಡಕ್ಕೆ ಸಿಹಿ ಹಂಚಿದ್ದಳು.

*

ಪೆಟ್ಟಿಗೆ ಕೊನೆಗೂ ಒಳಗೆ ಬಂತು. ಅದರ ಹಿಂದೆ ಮ್ಯಾನೇಜರ್ ಬಂದರು. ಹೂವಿನ ಹಾರ ಇಟ್ಟು, ಕೈಮುಗಿದು, ಎರಡು ಒಳ್ಳೆಯ ಮಾತಾಡಿ, ಆಮೇಲೆ ಫೈಲು ತೆರೆದರು. ಅಪಘಾತದ ವರದಿ ಸಂಜೆಯೊಳಗೆ ಹೋಗಬೇಕಂತೆ. ಮುಂದಿನ ಚಾಲಕ ಕಾರಣವಿಲ್ಲದೆ ಹಠಾತ್ತನೆ ಬ್ರೇಕ್ ಹಾಕಿದ ಎಂದು ಅವಳ ತಮ್ಮ ಆಸ್ಪತ್ರೆಯಲ್ಲೇ, ಎಡಗೈಯಲ್ಲಿ, ಸಹಿ ಹಾಕಿ ಕೊಟ್ಟಾಗಿತ್ತು. ಕೆಲವು ದಿನದಿಂದ ಗಂಡನಿಗೆ ತಲೆಸುತ್ತು ಬರುತ್ತಿತ್ತು ಎಂದು ಮನೆಯವರೂ ಒಂದು ಸಹಿ ಹಾಕಿದರೆ ಕೆಲಸ ಮುಗಿಯಿತು.

"ಯಾರ ಮೇಲೂ ತಪ್ಪು ಬರಲ್ಲಮ್ಮ" ಎಂದರು. "ಇಲ್ಲದಿದ್ರೆ ನಿಮ್ಮ ತಮ್ಮನ ಲೈಸೆನ್ಸು ಹೋಗುತ್ತೆ. ಜೈಲೂ ಆಗಬಹುದು. ಗಂಡ ಅಂತೂ ಹೋದ್ರು. ತಮ್ಮನನ್ನೂ ಕಳ್ಕೊಳ್ತೀರಾ?"

ಅವಳು ಕಾಗದ ತೆಗೆದುಕೊಂಡು ಅಡುಗೆಮನೆಗೆ ನಡೆದಳು. ತಮ್ಮ ಎದ್ದು ನಿಂತ.

*

ಆರು ತಿಂಗಳ ಹಿಂದೆ ಕಂಪನಿಯ ಅಂಗಳದಲ್ಲಿ ಒಂದು ಬೋರ್ಡು ಬಂದಿತ್ತು. ಡೀಸೆಲ್ ಉಳಿಸಿದವರ ಹೆಸರು ಹಸಿರಿನಲ್ಲಿ, ಉಳಿಸದವರದು ಕೆಂಪಿನಲ್ಲಿ. ಒಂದೇ ದಾರಿಯ ಲಾರಿಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಹೋದರೆ ಹಿಂದಿನದಕ್ಕೆ ಗಾಳಿಯ ಹೊಡೆತ ತಪ್ಪುತ್ತದೆ, ಡೀಸೆಲ್ ಉಳಿಯುತ್ತದೆ ಎಂದು ಮ್ಯಾನೇಜರ್ ಸಭೆಯಲ್ಲಿ ಪಾಠ ಹೇಳಿದ್ದರು. ಮದುಮಗ ಎದ್ದು ನಿಂತಿದ್ದ. "ಸಾರ್, ಮುಂದಿನ ಲಾರಿ ನಾನು ಓಡಿಸ್ತೀನಿ. ಹಿಂದಿನದ್ರಲ್ಲಿ ನೀವು ಮಕ್ಕಳನ್ನ ಕೂರಿಸ್ಕೊಂಡು ಬನ್ನಿ. ಎಷ್ಟು ಹತ್ರ ಬರ್ತೀರಿ ನೋಡೋಣ."

ಅಂದಿನಿಂದ ಅವನ ಹೆಸರು ಕೆಂಪು. ತಮ್ಮನದು ಎರಡೇ ತಿಂಗಳಲ್ಲಿ ಹಸಿರು. ಊಟಕ್ಕೆ ಕುಳಿತಾಗ ತಮ್ಮ ಭಾವನನ್ನು ರೇಗಿಸುತ್ತಿದ್ದ. ಅವಳೂ ಒಮ್ಮೆ, ಎಲ್ಲರೂ ಹಾಗೇ ಓಡಿಸುವಾಗ ನಿಮ್ಮದೇನು ಹಠ ಎಂದುಬಿಟ್ಟಿದ್ದಳು. ಅವನು ತಟ್ಟೆ ಎತ್ತಿಕೊಂಡು ಎದ್ದು ಹೋಗಿದ್ದ.

*

"ಎಷ್ಟು ಹಿಂದೆ ಇದ್ದೆ?" ಎಂದು ಅಕ್ಕ ಕೇಳಿದಳು.

ತಮ್ಮ ಸಿಂಕಿನ ಕಡೆ ನೋಡಿದ.

"ಭಾವನ ನಂಬರ್ ಪ್ಲೇಟಿನ ಬೋಲ್ಟು ಕಾಣ್ತಿತ್ತು ಅಕ್ಕ. ನಾಲ್ಕರಲ್ಲಿ ಒಂದು ಬಿದ್ದುಹೋಗಿತ್ತು. ಊಟಕ್ಕೆ ನಿಂತಾಗ ಹೇಳ್ಬೇಕು ಅಂದ್ಕೊಂಡೆ." ಅವನು ಬ್ಯಾಂಡೇಜಿನ ಅಂಚನ್ನು ಎಳೆದ. "ಅವರು ನಿಧಾನಕ್ಕೇ ನಿಂತ್ರು. ನಂಗೆ ಅವರ ಲಾರಿ ಬಿಟ್ಟು ಮುಂದೆ ಏನೂ ಕಾಣ್ತಿರಲಿಲ್ಲ."

ಅವಳು ಅವನ ಕೆನ್ನೆಗೆ ಹೊಡೆಯಲು ಕೈ ಎತ್ತಿದಳು. ಹೊಡೆಯಲಿಲ್ಲ. ಒಲೆಯ ಮೇಲೆ ಆರಿಹೋಗಿದ್ದ ಚಹಾವನ್ನು ಲೋಟಕ್ಕೆ ಬಗ್ಗಿಸಿ ಅವನ ಎಡಗೈಗೆ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ನಿಂತಿದ್ದು, ಹೊರಗೆ ಬಂದಳು. ಕಾಗದವನ್ನು ಮ್ಯಾನೇಜರ್ ಫೈಲಿನ ಮೇಲಿಟ್ಟಳು. ಸಹಿಯ ಜಾಗ ಖಾಲಿ.

"ನನ್ನ ಗಂಡನ ತಲೆ ಸುತ್ತುತ್ತಿರಲಿಲ್ಲ. ನೆಟ್ಟಗಿತ್ತು. ಅದಕ್ಕೇ ನಿಮ್ಮ ಬೋರ್ಡಿನಲ್ಲಿ ಅವರ ಹೆಸರು ಕೆಂಪಗಿದ್ದದ್ದು."

ಮ್ಯಾನೇಜರ್ ದನಿ ತಗ್ಗಿಸಿ, ದುಃಖದಲ್ಲಿದ್ದೀರಿ, ನಾಳೆ ಯೋಚನೆ ಮಾಡಿ ಎಂದರು. ನಾಳೆ ನಾನು ಪೊಲೀಸ್ ಠಾಣೆಯಲ್ಲಿರುತ್ತೇನೆ, ಆ ಬೋರ್ಡಿನ ಫೋಟೋ ಹಿಡಿದುಕೊಂಡು, ಬೇಕಿದ್ದರೆ ನೀವೂ ಬನ್ನಿ ಎಂದಳು ಅವಳು. ಪೆಟ್ಟಿಗೆ ಹೊತ್ತಿದ್ದ ನಾಲ್ವರೂ ನೆಲ ನೋಡುತ್ತ ನಿಂತಿದ್ದರು. ಗಿಡ್ಡ ಮಾತ್ರ ಕೆಮ್ಮಿದ.

ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ, ಯಾರಾದರೂ ಒಂದು ಮಾತಾಡುವುದಿದ್ದರೆ ಆಡಿ ಎಂದರು ಹಿರಿಯರೊಬ್ಬರು. ಇಪ್ಪತ್ತು ಮೂವತ್ತು ಡ್ರೈವರುಗಳು, ಹಿಂದೆ ಮ್ಯಾನೇಜರ್. ತಮ್ಮ ಒಂದು ಹೆಜ್ಜೆ ಮುಂದೆ ಬಂದ. ಅಕ್ಕ ಅವನಿಗೆ ಹೇಳು ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ.

"ಭಾವ ಸರಿಯಾಗೇ ನಿಲ್ಸಿದ್ರು" ಎಂದ. "ಅವರ ಮುಂದಿದ್ದ ಕಾರಿಗೆ ಒಂದು ಗೀರೂ ಬಿದ್ದಿಲ್ಲ. ನಾನು ಗಾಳಿ ತಪ್ಪಿಸ್ಕೊಳ್ಳೋಕೆ ಅವರ ಬೆನ್ನಿಗೆ ಅಂಟ್ಕೊಂಡಿದ್ದೆ. ಆಸ್ಪತ್ರೇಲಿ ಸಹಿ ಹಾಕಿದ್ದು ಸುಳ್ಳು. ನಾನೇ ಕೊಂದಿದ್ದು."

ಪಕ್ಕದಲ್ಲಿದ್ದವರು ಸರಿದರು. ಆಮೇಲೆ ಅವರ ಪಕ್ಕದವರೂ ಸರಿದರು. ನಿನ್ನೆಯವರೆಗೆ ತಾವೂ ಹಾಗೇ ಓಡಿಸಿದವರು ಎಲ್ಲರಿಗಿಂತ ಹೆಚ್ಚು ದೂರ ಹೋಗಿ ನಿಂತರು. ತಮ್ಮನ ಸುತ್ತ ಒಂದು ಲಾರಿ ನಿಲ್ಲುವಷ್ಟು ಜಾಗ ಖಾಲಿಯಾಯಿತು. ಅವನ ತಲೆ ಎದೆಯವರೆಗೆ ಬಗ್ಗಿತ್ತು.

ಅವಳು ಗಂಡನ ಸಮಾಧಿಗುಂಡಿಯ ಆ ಬದಿಯಿಂದ ಹೊರಟಳು. ಎಲ್ಲರೂ ನೋಡುತ್ತಿದ್ದಂತೆ ಖಾಲಿ ಜಾಗ ದಾಟಿ ಬಂದು, ತಮ್ಮನ ಮುರಿದ ಕೈಗೆ ತನ್ನ ಭುಜ ತಾಗುವಷ್ಟು ಹತ್ತಿರ, ಮ್ಯಾನೇಜರ್ ಕಡೆ ಮುಖ ಮಾಡಿ ನಿಂತಳು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಲು ಬಂದರು. ಇಬ್ಬರ ನಡುವೆ ಹಾದುಹೋಗಲು ಜಾಗವಿರಲಿಲ್ಲ. ಬಂದವರೆಲ್ಲ ಅವರನ್ನು ಬಳಸಿಕೊಂಡೇ ಹೋಗಬೇಕಾಯಿತು.